ಬೆಟ್ಟ ಇಳಿದು ಬರೋ ಫಾಲ್

ಅಲ್ಲ ಕಣ್ರೀ, ಅರಿಜೋನಾದ ಈ ಟೂಸಾನಲ್ಲಿ ಫಾಲೇ ಇಲ್ಲ, ಎಲೆ ಬಣ್ಣ ತಿರುಗೋ ಕಾಲವೇ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ? ಬಾಸ್ಟನ್ನಲ್ಲಿ ಅಷ್ಟು ವರ್ಷ ಇದ್ದು ಬಂದವರಿಗೆ ಹಾಗನ್ನಿಸೋದು ಸಹಜವೇ. ಅಲ್ಲಿ ಅಕ್ಟೋಬರ್ ಬಂತು ಅಂದ್ರೆ ಬೀದಿಯ ಮೇಪಲ್ ಮರಗಳೇ ಕೆಂಪಾಗಿ ನಿಂತಿರ್ತವೆ. ಇಲ್ಲಿ ಬಾಗಿಲು ತೆಗೆದ್ರೆ ಗೋಡೆ, ಜಲ್ಲಿ ಹಾಸಿದ ಅಂಗಳ, ಇನ್ನೂ ಚುರುಕು ಇಳಿಯದ ಬಿಸಿಲು. ಆದರೆ ಒಂದು ಸಲ ಉತ್ತರಕ್ಕೆ ತಿರುಗಿ ನೋಡಿ. ಸ್ಯಾಂಟಾ ಕ್ಯಾಟಲೀನಾ ಬೆಟ್ಟಸಾಲು ಕಾಣ್ತಿದೆಯಲ್ಲ, ಈ ಊರಿನ ಫಾಲ್ ಈಗ ಅದರ ನೆತ್ತಿ ಮೇಲಿದೆ. ಇನ್ನೆರಡು ತಿಂಗಳು ನಿಧಾನಕ್ಕೆ ಇಳೀತಾ ಬರುತ್ತೆ. ನೀವಿದ್ದ ಕಡೆ ಅದು ಉತ್ತರದಿಂದ ದಕ್ಷಿಣಕ್ಕೆ ಸರಿಯುತ್ತೆ, ಇಲ್ಲಿ ಮೇಲಿಂದ ಕೆಳಕ್ಕೆ. ಯಾವ ವಾರ ಅದು ಎಷ್ಟು ಎತ್ತರದಲ್ಲಿದೆ ಅಂತ ತಿಳ್ಕೊಂಡು, ಅಲ್ಲಿಗೇ ಹೋಗಿ, ಸಂಜೆಯೊಳಗೆ ನಡೆದು ಬರೋದು. ನನಗಂತೂ ವರ್ಷದಲ್ಲಿ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ.

ಹಬ್ಬದ ಲೆಕ್ಕದಲ್ಲಿ ಹೇಳ್ತೀನಿ, ನೆನಪಿರುತ್ತೆ. ನವರಾತ್ರಿ ಆಸುಪಾಸಿಗೆ ಆ ಬೆಟ್ಟಸಾಲಿನ ನೆತ್ತಿ, ಮೌಂಟ್ ಲೆಮನ್ ತುದಿ. ದೀಪಾವಳಿ ಹೊತ್ತಿಗೆ ನಡುಮಟ್ಟದ ಕಣಿವೆಗಳು. ಕಾರ್ತಿಕ ಕಳೆದು ಸುಬ್ಬರಾಯನ ಷಷ್ಠಿ ಬರೋ ಹೊತ್ತಿಗೆ ಬೆಟ್ಟದ ಬುಡದಲ್ಲಿರೋ ಸಬೀನೊ ಕೊಳ್ಳ. ಹಬ್ಬ ಒಂದೊಂದು ವರ್ಷ ಹಿಂದೆಮುಂದೆ ಆಗುತ್ತೆ, ಮರಗಳೂ ಹಾಗೇ.

ಇದಕ್ಕೆಲ್ಲ ಕಾರಣ ಎತ್ತರ. ಊರು ಇರೋದು ಸುಮಾರು 2,400 ಅಡಿಯಲ್ಲಿ, ಲೆಮನ್ ತುದಿ 9,100 ಅಡಿಗೂ ಮೇಲೆ. ಕೆಳಗೆ 90 ಡಿಗ್ರಿ ಇದ್ದ ದಿನ ಮೇಲೆ 65ರ ಆಸುಪಾಸು, ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಆ ತುದಿಗೆ ಹೋಗೋ ಕ್ಯಾಟಲೀನಾ ಹೈವೇ ಹತ್ತೋಕೆ ಶುರು ಮಾಡಿದಾಗ ಎರಡೂ ಕಡೆ ಸಗ್ವಾರೊ ಕಳ್ಳಿಗಳು. ನಾಲ್ಕು ಸಾವಿರ ಅಡಿ ದಾಟಿ ಸ್ವಲ್ಪ ಮೇಲೆ ಹೋದ್ರೆ ಒಂದೂ ಕಾಣೋದಿಲ್ಲ, ನೀರು ಹೆಪ್ಪುಗಟ್ಟೋ ಚಳಿ ಅವಕ್ಕೆ ಆಗಿಬರೋದಿಲ್ಲ. ಆಮೇಲೆ ಓಕ್ ಮರ, ಹುಲ್ಲು. ಆಮೇಲೆ ಪಾಂಡೆರೋಸ ಪೈನ್. ಕೊನೆಗೆ ಫರ್ ಮತ್ತು ಆಸ್ಪೆನ್. ಮೆಕ್ಸಿಕೋದಿಂದ ಕೆನಡಾ ತನಕ ಹೋದ್ರೆ ಸಿಗೋ ಕಾಡುಗಳೆಲ್ಲ ಈ ಒಂದು ಗಂಟೆಯ ದಾರಿಯಲ್ಲೇ ಸಿಗ್ತವೆ ಅಂತ ಇಲ್ಲಿಯವರು ಹೇಳೋದು ಅದಕ್ಕೇ. ಸುತ್ತ ಮರುಭೂಮಿ, ನಡುವೆ ತಂಪು ಕಾಡು ಹೊತ್ತು ನಿಂತ ಬೆಟ್ಟ. ಪೂರ್ವಕ್ಕಿರೋ ರಿಂಕನ್, ದಕ್ಷಿಣಕ್ಕಿರೋ ಸ್ಯಾಂಟಾ ರೀಟಾ, ಆಚೆ ದೂರದ ಚಿರಿಕಾವಾ, ಎಲ್ಲ ಇದೇ ಜಾತಿ. ಇಂಥ ಬೆಟ್ಟಗಳಿಗೆ ಸ್ಕೈ ಐಲ್ಯಾಂಡ್ ಅಂತಾರೆ.

ಲೆಮನ್ ಅನ್ನೋದು ಸೇರಾ ಪ್ಲಮರ್ ಲೆಮನ್ ಅನ್ನೋ ಸಸ್ಯಶಾಸ್ತ್ರಜ್ಞೆಯ ಹೆಸರು. 1881ರಲ್ಲಿ, ಮದುವೆಯಾದ ಹೊಸದರಲ್ಲಿ, ಗಂಡನ ಜೊತೆ ಗಿಡ ಹುಡುಕ್ತಾ ಈ ತುದಿ ಹತ್ತಿದಾಕೆ. ಆಗ ಮೇಲಕ್ಕೆ ರಸ್ತೆ ಎಲ್ಲಿತ್ತು? ಹತ್ತಿದ ಹೆಂಗಸಿನ ಹೆಸರೇ ಬೆಟ್ಟಕ್ಕೆ ಉಳಿದಿದೆ ಅಂದ್ರೆ ನನಗೆ ಬಹಳ ಸಂತೋಷ.

ಆ ತುದಿ ಹತ್ತಿರ ಮಾರ್ಷಲ್ ಗಲ್ಚ್ ಅಂತ ಒಂದು ಕಣಿವೆ ಇದೆ, ನೀವು ಮೊದಲು ಅಲ್ಲಿಗೇ ಬರಬೇಕು. ತೊರೆ ಪಕ್ಕದಲ್ಲೇ ಏರಿ, ಮೇಲಿನ ಬೋರೆ ಸುತ್ತಿ ಆಸ್ಪೆನ್ ಟ್ರೇಲಲ್ಲಿ ಇಳಿದ್ರೆ ನಾಲ್ಕು ಮೈಲಿ ಆಸುಪಾಸು. ಕೆಳಗೆ ತೊರೆ ಬದಿ ಮೇಪಲ್ ಕೆಂಪು, ಮೇಲೆ ಆಸ್ಪೆನ್ ಹಳದಿ. ಆಸ್ಪೆನ್ ಎಲೆಯ ತೊಟ್ಟು ಚಪ್ಪಟೆಯಾಗಿರುತ್ತೆ, ಹಾಗಾಗಿ ನಮಗೆ ಗೊತ್ತೇ ಆಗದಷ್ಟು ಸಣ್ಣ ಗಾಳಿಗೂ ಇಡೀ ಮರ ಅಲುಗ್ತಾ ಇರುತ್ತೆ. ನೋಡ್ತಾ ನಿಂತ್ರೆ ಕಾಲು ಮುಂದಕ್ಕೆ ಹೋಗೋದಿಲ್ಲ ಕಣ್ರೀ. ಆದರೆ ಆ ಮರಗಳ ನಡುವೆ ಕರಿ ಹಿಡಿದ ಬೊಡ್ಡೆಗಳೂ ಕಾಣ್ತವೆ, ಅದನ್ನೂ ನೋಡಿ. 2003ರ ಜೂನಲ್ಲಿ ಈ ಟ್ರೇಲ್ ಹತ್ತಿರ ಹೊತ್ತಿದ ಬೆಂಕಿ ಒಂದು ತಿಂಗಳ ತನಕ ಉರಿದು ಸುಮಾರು 84,000 ಎಕರೆ ಸುಟ್ಟಿತು. ಮೇಲಿರೋ ಸಮ್ಮರ್‌ಹೇವನ್ ಅನ್ನೋ ಪುಟ್ಟ ಊರಲ್ಲಿ ಮುನ್ನೂರಕ್ಕೂ ಹೆಚ್ಚು ಮನೆ, ಅಂಗಡಿ ಹೋದವು. ಪೈನ್, ಫರ್ ಮತ್ತೆ ದೊಡ್ಡದಾಗೋಕೆ ಎಷ್ಟೋ ದಶಕ ಬೇಕು. ಆಸ್ಪೆನ್ ಹಾಗಲ್ಲ, ಮೇಲಿನ ಮರ ಸುಟ್ಟುಹೋದ್ರೂ ನೆಲದಡಿಯ ಬೇರು ಉಳಿದಿರುತ್ತೆ, ಆ ಬೇರಿಂದ ನೂರಾರು ಚಿಗುರು ಏಳ್ತವೆ. ಈಗ ಅಲ್ಲಿ ನೋಡೋ ಹಳದಿಯಲ್ಲಿ ಎಷ್ಟೋ ಪಾಲು ಆ ಬೆಂಕಿ ಆದಮೇಲೆ ಹುಟ್ಟಿದ್ದು. 2020ರಲ್ಲಿ ಸಿಡಿಲಿಂದ ಹತ್ತಿದ ಬಿಗ್‌ಹಾರ್ನ್ ಬೆಂಕಿ ಇನ್ನೂ ದೊಡ್ಡದು. ಗಾಳಿ ಜೋರಿರೋ ದಿನ ಸುಟ್ಟ ಮರಗಳ ನಡುವೆ ಕೂತು ಬುತ್ತಿ ಬಿಚ್ಚಬೇಡಿ, ಒಣಗಿದ ಕೊಂಬೆ ಯಾವಾಗ ಬೀಳುತ್ತೋ ಹೇಳೋಕಾಗಲ್ಲ.

ನಡುಮಟ್ಟದ ಬಣ್ಣ ಸ್ವಲ್ಪ ಕಡಿಮೆಯೇ. ಅಲ್ಲಿಯ ಓಕ್ ಮರಗಳು ಫಾಲಲ್ಲಿ ಎಲೆ ಉದುರಿಸೋದಿಲ್ಲ. ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತೆ, ಹಳ್ಳದ ಬದಿಯ ಸಿಕಮೋರ್, ವಾಲ್‌ನಟ್ ಮರ ಹಳದಿಯಾಗ್ತವೆ, ಅಷ್ಟೇ. ಅಲ್ಲಿ ನಾನು ಕಲ್ಲು ನೋಡೋಕೆ ನಿಲ್ತೀನಿ. ಹೈವೇ ಬದಿಯ ವಿಂಡಿ ಪಾಯಿಂಟ್ ಹತ್ತಿರ ಬಂಡೆ ಮೇಲೆ ಕೈಯಿಟ್ಟು ನೋಡಿ, ಬಿಳಿ ಪಟ್ಟೆ, ಕಪ್ಪು ಪಟ್ಟೆ, ನಡುವೆ ಮಿಣುಕೋ ಅಭ್ರಕ. ನಮ್ಮ ಲಾಲ್‌ಬಾಗ್ ಬಂಡೆಯೂ ಇದೇ ಜಾತಿಯ ಪಟ್ಟೆ ಕಲ್ಲು, ನೈಸ್ ಅಂತಾರೆ. ಕಥೆ ಮಾತ್ರ ಬೇರೆ ಬೇರೆ. ಲಾಲ್‌ಬಾಗಿನದು ಸುಮಾರು 300 ಕೋಟಿ ವರ್ಷದ್ದು, ಈ ಬೆಟ್ಟ ನೆಲದಾಳದಿಂದ ಮೇಲೆದ್ದು ಬಂದದ್ದು ಬರೀ ಎರಡು ಮೂರು ಕೋಟಿ ವರ್ಷದ ಹಿಂದೆ.

ಕೆಳಗೆ ಅದೇ ಹೈವೇಯ ಏಳನೇ ಮೈಲಿಗಲ್ಲಿನ ಹತ್ತಿರ ಗಾರ್ಡನ್ ಹಿರಾಬಯಾಶಿ ಹೆಸರಿನ ತಂಗುತಾಣ ಇದೆ. ಅಲ್ಲಿಂದಲೂ ಒಳ್ಳೆ ಕಾಲುದಾರಿಗಳು ಹೊರಡ್ತವೆ, ದೀಪಾವಳಿ ರಜೆಗೆ ಹೇಳಿ ಮಾಡಿಸಿದ ಜಾಗ. ಹಿಂದೆ ಅಲ್ಲಿದ್ದದ್ದು ಜೈಲು ಶಿಬಿರ. ನಾವು ಆರಾಮಾಗಿ ಕಾರಲ್ಲಿ ಹತ್ತೋ ಈ ರಸ್ತೆಯನ್ನ 1933ರಿಂದ 1950ರ ತನಕ ಬಹುಪಾಲು ಕಡಿದದ್ದು ಕೈದಿಗಳು. ಎರಡನೇ ಮಹಾಯುದ್ಧದಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನ ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಿದ್ರಲ್ಲ, ಆ ಆದೇಶವನ್ನ ಒಪ್ಪೋದಿಲ್ಲ ಅಂತ ಎದುರು ನಿಂತ ವಿದ್ಯಾರ್ಥಿ ಹಿರಾಬಯಾಶಿ. ಶಿಕ್ಷೆಯಾದಾಗ ಕರೆದುಕೊಂಡು ಹೋಗೋರಿಲ್ಲದೆ, ದಾರಿಯಲ್ಲಿ ಸಿಕ್ಕ ಗಾಡಿಗಳಿಗೆ ಕೈಯೊಡ್ಡಿ ತಾನೇ ಇಲ್ಲಿಗೆ ಬಂದು ಶಿಕ್ಷೆ ಅನುಭವಿಸಿದ ಮನುಷ್ಯ. 1980ರ ದಶಕದಲ್ಲಿ ನ್ಯಾಯಾಲಯಗಳು ಆ ತೀರ್ಪನ್ನ ರದ್ದು ಮಾಡಿದವು. ಆ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೇ ಮುಂದಕ್ಕೆ ನಡೀರಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಇನ್ನು ಕೆಳಗಿನ ಮರುಭೂಮಿ. ಅಲ್ಲಿ ಬಣ್ಣವೇ ಇಲ್ಲ ಅನ್ನೋರು ಒಕೊಟಿಯೊ ಗಿಡ ನೋಡಿಲ್ಲ. ಬುಡದಿಂದಲೇ ಉದ್ದುದ್ದ ಮುಳ್ಳು ಕೋಲುಗಳು ಎದ್ದಿರ್ತವಲ್ಲ, ಅದು. ಮಳೆ ಬಿದ್ದ ಕೆಲವೇ ದಿನದಲ್ಲಿ ಮೈತುಂಬ ಎಲೆ ಬಿಡುತ್ತೆ, ನೆಲ ಒಣಗಿದ ಕೂಡಲೇ ಹಳದಿಯಾಗಿ ಉದುರಿಸುತ್ತೆ. ವರ್ಷಕ್ಕೆ ಎಷ್ಟು ಸಲ ಮಳೆಯೋ ಅಷ್ಟು ಸಲ. ಜುಲೈಯಿಂದ ಸೆಪ್ಟೆಂಬರ್ ತನಕದ ಮಾನ್ಸೂನ್ ಮುಗಿದು ಒಣ ಹವೆ ಹಿಡಿಯೋ ಅಕ್ಟೋಬರಲ್ಲಿ ಇಳಿಜಾರಿಗೆ ಇಳಿಜಾರೇ ಹಳದಿ. ನವೆಂಬರಲ್ಲಿ ಡೆಸರ್ಟ್ ಬ್ರೂಮ್ ಪೊದೆಗಳಿಂದ ಬಿಳಿ ನಾರಿನ ಬೀಜ ಹಾರೋಕೆ ಶುರುವಾಗುತ್ತೆ, ಹಳ್ಳಗಳ ಅಂಚೆಲ್ಲ ಬೆಳ್ಳಗೆ. ಸಗ್ವಾರೊಗಳೂ ಆಗ ತುಂಬಿಕೊಂಡಿರ್ತವೆ, ಮಳೆ ನೀರು ಕುಡಿದು ಸೀರೆಯ ನೆರಿಗೆ ಬಿಚ್ಚಿಕೊಂಡ ಹಾಗೆ ಮೈ ಅಗಲವಾಗಿರುತ್ತೆ. ಅದಕ್ಕೆ ಮೊದಲ ತೋಳು ಬರೋಕೆ ಐವತ್ತು, ಎಪ್ಪತ್ತು ವರ್ಷ ಬೇಕು ಗೊತ್ತಾ? ಎಳೆಯದರಲ್ಲಿ ಪಾಲೊ ವರ್ಡೆ ಅಥವಾ ಮೆಸ್ಕೀಟ್ ಮರದ ನೆರಳಲ್ಲೇ ಅದು ಬೆಳೀಬೇಕು. ಮೆಸ್ಕೀಟ್ ನಿಮಗೆ ಹೊಸದಲ್ಲ, ನಿಮ್ಮ ಬಳ್ಳಾರಿ ಜಾಲಿಯ ದಾಯಾದಿ.

ಪಾಪಾಸುಕಳ್ಳಿಯೂ ಹೊಸದಲ್ಲ. ನಮ್ಮೂರುಗಳಲ್ಲಿ ಹೊಲದ ಬೇಲಿಗೆ ಇದ್ದ ಆ ಕಳ್ಳಿಯ ತವರು ಈ ಖಂಡವೇ. ಈ ದಿನಗಳಲ್ಲಿ ಅದರ ಮೇಲೆ ಹತ್ತಿಯಂಥ ಬಿಳಿ ಕಾಣುತ್ತೆ, ಅದರೊಳಗೆ ಕಾಚಿನೀಲ್ ಹುಳು. ಹಿಚುಕಿದ್ರೆ ಬೆರಳು ಕಡುಗೆಂಪು. 18ನೇ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯವರು ಈ ಬಣ್ಣಕ್ಕಾಗಿಯೇ ಮದ್ರಾಸಿನಲ್ಲಿ ಕಳ್ಳಿ ಬೆಳೆಸಿ ಹುಳು ಸಾಕೋಕೆ ನೋಡಿದ್ರು. ಸಗ್ವಾರೊ ನ್ಯಾಷನಲ್ ಪಾರ್ಕಲ್ಲಿ ಮಾತ್ರ ಹುಳು ಹಿಚುಕೋ, ಗಿಡ ಕೀಳೋ ಹಾಗಿಲ್ಲ, ನೋಡಬೇಕಿದ್ರೆ ನನ್ನ ಅಂಗಳದ ಕಳ್ಳಿ ಮೇಲೇ ಇದೆ, ಬನ್ನಿ. ಆ ಪಾರ್ಕಿನ ಪಶ್ಚಿಮ ಭಾಗದಲ್ಲಿ ಹ್ಯೂ ನಾರಿಸ್ ಟ್ರೇಲ್ ಹಿಡಿದ್ರೆ 4,687 ಅಡಿಯ ವಾಸನ್ ಪೀಕ್ ತನಕ ಹೋಗುತ್ತೆ, ಹೋಗಿ ಬರೋಕೆ ಹತ್ತು ಮೈಲಿ. ನವೆಂಬರ್ ಮಧ್ಯದ ತನಕ ಕಾಯಿರಿ, ಆ ದಾರಿಯಲ್ಲಿ ನೆರಳಿಲ್ಲ.

ಬಳ್ಳಾರಿಯಲ್ಲಿ ಹುಟ್ಟಿದ ನಿಮಗೆ ಬಿಸಿಲಿನ ವಿಷಯ ಗೊತ್ತೇ ಇರುತ್ತೆ, ಆದರೂ ಇದೊಂದು ಕೇಳಿ. ಫಾಲಲ್ಲಿ ಹವೆ ಹಿತವಾಗಿರುತ್ತೆ, ಬೆವರು ಮೈಮೇಲೆ ನಿಲ್ಲೋ ಮೊದಲೇ ಆರುತ್ತೆ, ಹಾಗಾಗಿ ಬಾಯಾರಿಕೆ ತಡವಾಗಿ ತಿಳಿಯುತ್ತೆ. ತಲೆಗೆ ಮೂರು ಲೀಟರ್ ನೀರಿಲ್ಲದೆ ನಾನು ಹೊರಡೋದಿಲ್ಲ. ಬರೀ ನೀರೂ ಸಾಲದು, ಉಪ್ಪು ಬೇಕು. ಚಿತ್ರಾನ್ನ, ಉಪ್ಪಿನಕಾಯಿ, ಚಕ್ಕುಲಿ ಇದ್ರೆ ಅಂಗಡಿಯ ಪುಡಿ ಯಾಕೆ? ಬೆಳಗ್ಗೆ ಬೆಚ್ಚನೆಯದೊಂದು ಮೇಲಂಗಿ ಇರಲಿ. ರಾತ್ರಿ ತಣ್ಣನೆ ಗಾಳಿ ಇಳಿದು ಹಳ್ಳದಲ್ಲಿ ನಿಂತಿರುತ್ತೆ, ಇಪ್ಪತ್ತು ಹೆಜ್ಜೆ ಮೇಲಿನ ದಿಣ್ಣೆಗಿಂತ ಅಲ್ಲೇ ಚಳಿ ಜಾಸ್ತಿ. ಚೀಲದಲ್ಲಿ ಒಂದು ಬಾಚಣಿಗೆ ಇಡಿ. ಚೋಯಾ ಅಂತ ಒಂದು ಕಳ್ಳಿ, ಸೋಕಿದ್ರೆ ಸಾಕು, ಅದರ ತುಂಡೇ ಕಳಚಿ ಕಾಲಿಗೆ ಅಂಟಿಕೊಳ್ಳುತ್ತೆ. ಕೈಯಲ್ಲಿ ಕೀಳೋಕೆ ಹೋದ್ರೆ ಕೈಗೂ ಹಿಡಿಯುತ್ತೆ. ಬಾಚಣಿಗೆಯ ಹಲ್ಲು ನಡುವೆ ತೂರಿಸಿ ಒಂದೇ ಸಲ ಆಚೆ ಚಿಮ್ಮಬೇಕು.

ಹೊತ್ತಿನ ಲೆಕ್ಕವೂ ಬೇರೆ. ಅರಿಜೋನಾದಲ್ಲಿ ನವಾಹೊ ಜನರ ನಾಡು ಬಿಟ್ಟು ಬೇರೆಲ್ಲೂ ಬೇಸಿಗೆಗೊಂದು, ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸೋದಿಲ್ಲ. ನವೆಂಬರ್ ಕೊನೆಗೆ ಐದೂಕಾಲು ಐದೂವರೆ ನಡುವೆ ಸೂರ್ಯ ಮುಳುಗಿರ್ತಾನೆ, ಕೊಳ್ಳದೊಳಗೆ ಅದಕ್ಕೂ ಎಷ್ಟೋ ಮೊದಲೇ ಬಿಸಿಲು ಹೋಗುತ್ತೆ. ಬಾಲದಲ್ಲಿ ಗಿಲಕಿ ಇರೋ ರ‍್ಯಾಟಲ್‌ಸ್ನೇಕ್ ಹಾವು ಅಕ್ಟೋಬರಲ್ಲಿ ಇನ್ನೂ ಬಿಸಿಲು ಕಾಯೋಕೆ ಬಂಡೆ ಮೇಲೆ ಬರುತ್ತೆ, ಕಣ್ಣಿಗೆ ಕಾಣದ ಕಡೆ ಕೈಯಿಡಬೇಡಿ. ಮಾನ್ಸೂನ್ ಮುಗೀತು ಅಂತ ಹಳ್ಳದ ಭಯ ಬಿಡಬೇಡಿ. 1983ರಲ್ಲಿ ಟೂಸಾನನ್ನ ಮುಳುಗಿಸಿದ ದೊಡ್ಡ ನೆರೆ ಬಂದದ್ದು ಅಕ್ಟೋಬರ್ ಮೊದಲ ದಿನಗಳಲ್ಲಿ, ಪೆಸಿಫಿಕ್ ಕಡೆಯ ಚಂಡಮಾರುತದ ಮಳೆಯಿಂದ.

ನಿಮ್ಮ ಅತ್ತೆ ಡಿಸೆಂಬರ್ ಮೊದಲ ವಾರ ಬರ್ತಾರೆ ಅಂದ್ರಲ್ಲ, ಬಹಳ ಒಳ್ಳೇದಾಯ್ತು. ಆಗ ಸಬೀನೊ ಕೊಳ್ಳದಲ್ಲಿ ಕಾಟನ್‌ವುಡ್, ಸಿಕಮೋರ್, ಆಶ್ ಎಲ್ಲ ಹಳದಿಯಾಗಿರ್ತವೆ, ಪಕ್ಕದ ಇಳಿಜಾರಲ್ಲೇ ಸಗ್ವಾರೊ ಹಸಿರಾಗಿ ನಿಂತಿರುತ್ತೆ. ಎರಡೂ ಒಟ್ಟಿಗೆ ಕಾಣೋ ಜಾಗ ಬಾಸ್ಟನ್ ಕಡೆ ಎಲ್ಲಿದೆ ಹೇಳಿ. ಮಂಡಿ ನೋವಿರೋ ಅತ್ತೆ ನಡೀಬೇಕಾಗಿಲ್ಲ, ಒಳಗೆ ನಮ್ಮ ಕಾರು ಬಿಡೋದಿಲ್ಲವಾದರೂ ಕರೆಂಟಿನ ಶಟಲ್ ಓಡಾಡುತ್ತೆ, 1930ರ ದಶಕದಲ್ಲಿ ಕಟ್ಟಿದ ಕಲ್ಲು ಸೇತುವೆಗಳ ಮೇಲೆ. ಅವರು, ನಿಮ್ಮ ಯಜಮಾನರು, ನಾವಿಬ್ಬರು, ಎಲ್ಲ ಕೊನೇ ಸ್ಟಾಪ್ ತನಕ ಹೋಗೋಣ. ಬುತ್ತಿ ಊಟ ಮುಗಿಸಿ, ಅವರನ್ನ ಅದೇ ಶಟಲಲ್ಲಿ ನಿಮ್ಮ ಯಜಮಾನರ ಜೊತೆ ಕೂರಿಸಿ, ನಾವು ಫೋನ್‌ಲೈನ್ ಟ್ರೇಲಲ್ಲಿ ನಡ್ಕೊಂಡು ಇಳಿಯೋಣ. ಅದು ಕೊಳ್ಳದ ಪೂರ್ವದ ಮಗ್ಗುಲಲ್ಲಿ ಎತ್ತರದಲ್ಲೇ ಸಾಗುತ್ತೆ, ಕೆಳಗಿನ ಹಳದಿ ಮರಗಳ ಸಾಲು ದಾರಿಯುದ್ದಕ್ಕೂ ಕಾಣ್ತಿರುತ್ತೆ. ಮೊಸರನ್ನ ನಾನು ತರ್ತೀನಿ, ನೀವು ಶೇಂಗಾ ಚಟ್ನಿಪುಡಿ, ಜೋಳದ ರೊಟ್ಟಿ ತನ್ನಿ. ಅದಕ್ಕೂ ಮೊದಲು ಈ ಶನಿವಾರ ಮಾರ್ಷಲ್ ಗಲ್ಚ್. ಮೇಲೆ ಕಾರು ನಿಲ್ಲಿಸೋ ಜಾಗ ಬಹಳ ಕಡಿಮೆ, ಒಂಬತ್ತು ಗಂಟೆಗೆಲ್ಲ ತುಂಬಿರುತ್ತೆ, ಹಾಗಾಗಿ ಇಲ್ಲಿಂದ ಆರೂವರೆಗೆ ಹೊರಡೋಣ.