ಬನ್ಸ್ ಮೀಮಾಂಸೆ: ಒವನ್ ಕಾಣದ ಬನ್ನಿನ ಸ್ವರೂಪ ವಿಚಾರ

1. ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವಾದದ್ದು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ತಿಳಿಸಬೇಕೆಂಬುದು ಹಿರಿಯರ ಕಟ್ಟಳೆಯಾದ್ದರಿಂದ, ಅದನ್ನು ಮೀರದೆ ಹೇಳುವುದಾದರೆ, ಈ ಪ್ರಬಂಧದ ವಿಷಯ ಬನ್ಸ್, ಅಂದರೆ ಕಳಿತ ಬಾಳೆಹಣ್ಣನ್ನು ಮೈದಾಹಿಟ್ಟಿನೊಡನೆ ನಾದಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಗ್ಗೆ ದಪ್ಪ ಪೂರಿಯಂತೆ ಲಟ್ಟಿಸಿ ಎಣ್ಣೆಯಲ್ಲಿ ಕರಿಯುವ ಸಿಹಿತಿಂಡಿ. ಇದರ ಪ್ರಯೋಜನ ಸ್ಪಷ್ಟವಿದೆ. ಸಂಬಂಧ ಹಿಟ್ಟಿಗೂ ಹಣ್ಣಿಗೂ ಇರುವಂಥದ್ದು. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು, ಬೆಳಗ್ಗೆ ಏಳೂವರೆಯೊಳಗೆ ಹಲ್ಲುಜ್ಜಿ ಒಳಗೆ ಬಂದವನು. ಮಂದಾರ್ತಿ ಮೇಳದ ಆಟವನ್ನು, ಅಂದರೆ ಯಕ್ಷಗಾನವನ್ನು, ರಾತ್ರಿಯಿಡೀ ನೋಡಿ ಮನೆಗೆ ಮರಳಿದವನಿಗೆ ಹೊತ್ತಿನ ನಿಯಮದಲ್ಲಿ ವಿನಾಯಿತಿಯುಂಟು, ಹಲ್ಲಿನ ನಿಯಮದಲ್ಲಿ ಇಲ್ಲ.

ಅಧ್ಯಯನದ ಕ್ಷೇತ್ರ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಎಂಬ ಮೂರು ತಾಲ್ಲೂಕುಗಳು. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆಯನ್ನೂ, 2018ರಲ್ಲಿ ಕುಂದಾಪುರದಿಂದ ಬೈಂದೂರನ್ನೂ ಉಡುಪಿಯಿಂದ ಬ್ರಹ್ಮಾವರವನ್ನೂ ಬೇರ್ಪಡಿಸಿದ ಸರ್ಕಾರವು ಕಚೇರಿ, ಕಡತ, ಗಡಿಗಳನ್ನೆಲ್ಲ ಹಂಚಿತಾದರೂ, ಬನ್ಸಿನ ಹಿಟ್ಟನ್ನು ಮಾತ್ರ ಅವಿಭಕ್ತವಾಗಿಯೇ ಬಿಟ್ಟಿದೆ.

2. ವಚನ ವಿಚಾರ

ಇಂಗ್ಲಿಷಿನಲ್ಲಿ ಬಹುವಚನವಾಗಿರುವ ಈ ಪದ ಕರಾವಳಿಗೆ ಬಂದೊಡನೆ ಏಕವಚನವಾಯಿತೆಂಬುದಕ್ಕೆ ‘ಒಂದ್ ಬನ್ಸ್ ಕೊಡಿ’ ಎಂಬ ನಿತ್ಯಪ್ರಯೋಗವೇ ಪ್ರಮಾಣ. ಇದನ್ನು ಅಪಭ್ರಂಶವೆಂದು ತಳ್ಳಿಹಾಕುವ ವೈಯಾಕರಣರು, ಒಂದು ಮುಖ್ಯ ಭೇದವನ್ನು ಗಮನಿಸಿದಂತಿಲ್ಲ: ಇಲ್ಲಿ ‘ಬನ್’ ಎಂದರೆ ಬೇಕರಿಯ ಕಪಾಟಿನಲ್ಲಿರುವ ಸುಟ್ಟ ರೊಟ್ಟಿ, ‘ಬನ್ಸ್’ ಎಂದರೆ ಬಾಣಲೆಯಿಂದೆದ್ದ ತಿಂಡಿ. ಆದ್ದರಿಂದ ಇಲ್ಲಿಯ ಸಕಾರವು ಸಂಖ್ಯೆಯನ್ನು ಸೂಚಿಸದೆ ಎಣ್ಣೆಯನ್ನು ಸೂಚಿಸುವ ಪ್ರತ್ಯಯವೆಂದು ತಿಳಿಯಬೇಕು. ಪದದ ಕೊನೆಯ ಉಕಾರವನ್ನು ಬಿಟ್ಟು ‘ಊರ್’, ‘ಹಣ್ಣ್’, ‘ತಿಂಬುದ್’ ಎನ್ನುವ ಕುಂದಾಪ್ರ ಕನ್ನಡದಲ್ಲಿ ಇಂಥ ವ್ಯಂಜನಾಂತ ಪದಕ್ಕೆ ನೆಲೆನಿಲ್ಲಲು ಶ್ರಮವೇ ಆಗಲಿಲ್ಲ. ಹೊರಗಿನವರು ಇದಕ್ಕೆ ‘ಮಂಗಳೂರು ಬನ್ಸ್’ ಎಂದು ಊರಿನ ಹೆಸರು ಅಂಟಿಸುವುದುಂಟು. ಕ್ಷೇತ್ರದೊಳಗೆ ಆ ವಿಶೇಷಣಕ್ಕೆ ಕೆಲಸವಿಲ್ಲ, ಮನೆಯವರನ್ನು ಯಾರೂ ವಿಳಾಸ ಹಿಡಿದು ಕರೆಯುವುದಿಲ್ಲ.

3. ಕಾರಣ ವಿಚಾರ

ನ್ಯಾಯಶಾಸ್ತ್ರವು ಯಾವುದೇ ಕಾರ್ಯಕ್ಕೆ ಮೂರು ಕಾರಣಗಳನ್ನು ಹೇಳುತ್ತದೆ. ಬಟ್ಟೆಗೆ ನೂಲು ಸಮವಾಯಿ ಕಾರಣ, ನೂಲುಗಳ ಕೂಡುವಿಕೆ ಅಸಮವಾಯಿ ಕಾರಣ, ಮಗ್ಗ ಮತ್ತು ನೇಕಾರ ನಿಮಿತ್ತ ಕಾರಣ. ಈ ನ್ಯಾಯದಂತೆ ಎರಡು ಬಾಳೆಹಣ್ಣು, ಸುಮಾರು ಎರಡು ಲೋಟ ಮೈದಾ, ಎರಡು ಮೂರು ಚಮಚ ಸಕ್ಕರೆ, ಅಷ್ಟೇ ಮೊಸರು, ಚಿಟಿಕೆ ಸೋಡಾ, ಉಪ್ಪು, ಜೀರಿಗೆ ಸಮವಾಯಿ. ಒಂದು ಹನಿ ನೀರಿಲ್ಲದೆ, ಹಣ್ಣಿನ ಪಸೆಯಲ್ಲೇ ಇವು ಅಂಟಿಕೊಳ್ಳುವುದು ಅಸಮವಾಯಿ. ನಿಮಿತ್ತ ಕಾರಣವು ಅಡುಗೆಯವರೆಂದು ಮೇಲ್ನೋಟಕ್ಕೆ ತೋರಿದರೂ ಅದು ಹಾಗಲ್ಲ. ಯಾವ ಮನೆಯಲ್ಲೂ ಬನ್ಸ್ ಮಾಡೋಣವೆಂದು ಬಾಳೆಹಣ್ಣು ತರುವುದಿಲ್ಲ. ತಂದ ಹಣ್ಣು ತಿನ್ನುವವರಿಲ್ಲದೆ ಉಳಿದು, ಸಿಪ್ಪೆ ಕಪ್ಪಾಗಿ, ಎಸೆಯಲು ಮನಸ್ಸು ಬಾರದಿದ್ದಾಗ ‘ಹಣ್ಣ್ ಕಪ್ಪಾಯ್ತ್, ನಾಳಿಗೆ ಬನ್ಸ್ ಮಾಡುವ’ ಎಂಬ ವಾಕ್ಯ ಹುಟ್ಟುತ್ತದೆ. ಎಸೆಯಲಾರದ ಈ ಮನಸ್ಸೇ ನಿಮಿತ್ತ ಕಾರಣ. ರಸಾಯನಶಾಸ್ತ್ರವೂ ಈ ಜಿಪುಣತನದ ಪರವಾಗಿಯೇ ಇದೆ: ಕಾಯಿಯಲ್ಲಿ ತೂಕದ ಐದನೆಯ ಒಂದು ಪಾಲಿನಷ್ಟಿರುವ ಪಿಷ್ಟವು ಹಣ್ಣಾಗುತ್ತ ಬಹುಪಾಲು ಸಕ್ಕರೆಯಾಗುವುದರಿಂದ, ಮಾನ ಕಳೆದುಕೊಂಡ ಹಣ್ಣೇ ಅತ್ಯಂತ ಸಿಹಿಯಾದದ್ದು.

ಇಲ್ಲಿ ‘ಕರಿ’ ಶಬ್ದವನ್ನೂ ವಿಚಾರಿಸಬೇಕು. ಕನ್ನಡದಲ್ಲಿ ಕರಿ ಎಂದರೆ ಕಪ್ಪು, ಕರಿ ಎಂದರೆ ಎಣ್ಣೆಯಲ್ಲಿ ಬೇಯಿಸು, ಕರಿ ಎಂದರೆ ಆನೆ. ಮೊದಲ ಅರ್ಥ ಹಣ್ಣಿನಲ್ಲೂ ಎರಡನೆಯದು ಬಾಣಲೆಯಲ್ಲೂ ಸಿದ್ಧವಾಗಿದೆ. ಮೂರನೆಯದಕ್ಕೆ ದೂರ ಹೋಗಬೇಕಿಲ್ಲ. ಕುಂಭಾಶಿಯ ಆನೆಗುಡ್ಡೆಯಲ್ಲಿ ವಿನಾಯಕನಿಗೆ ಹಣ್ಣುಕಾಯಿ ಮಾಡಿಸಿ ಮನೆಗೆ ತಂದ ಪ್ರಸಾದದ ಬಾಳೆಹಣ್ಣು, ಎಸೆಯಬಾರದ ವಸ್ತುಗಳಲ್ಲಿ ಅಗ್ರಗಣ್ಯವಾದ್ದರಿಂದ, ಕೊನೆಗೆ ಸೇರುವುದು ಹಿಟ್ಟನ್ನೇ. ಹೀಗೆ ಮೂರು ಅರ್ಥಗಳೂ ಒಂದೇ ತಿಂಡಿಯಲ್ಲಿ ಸಂಗಮಿಸಿದ ಉದಾಹರಣೆ ನಿಘಂಟುಕಾರರಿಗೆ ಇನ್ನೆಲ್ಲೂ ಸಿಗಲಾರದು.

4. ಉಬ್ಬು ವಿಚಾರ

ಬನ್ಸ್ ಏಕೆ ಉಬ್ಬುತ್ತದೆಂಬಲ್ಲಿ ಎರಡು ಪಂಥಗಳಿವೆ. ಸೋಡಾವಾದಿಗಳ ಪ್ರಕಾರ, ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲವು ಸೋಡಾದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಹಿಟ್ಟಿನೊಳಗೆ ಗುಳ್ಳೆಗಳೇಳುತ್ತವೆ. ಆವಿವಾದಿಗಳ ಪ್ರಕಾರ, 170ರಿಂದ 180 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಎಣ್ಣೆಗೆ ಬಿದ್ದೊಡನೆ ಹೊರಪದರ ಗಟ್ಟಿಯಾಗಿ, ಒಳಗಿನ ತೇವವು ತನ್ನ ಗಾತ್ರದ 1,600 ಪಟ್ಟಿಗೂ ಮಿಕ್ಕಿದ ಆವಿಯಾಗಿ, ಹೊರಬರಲು ದಾರಿ ಕಾಣದೆ ಪದರವನ್ನು ಎತ್ತುತ್ತದೆ. ಸಮನ್ವಯ ಹೇಗೆಂದರೆ, ಒಳಗಿನ ಮೆದುತನ ಸೋಡಾದ್ದು, ಹೊರಗಿನ ಹೊಟ್ಟೆ ಆವಿಯದ್ದು. ಉಬ್ಬದ ಬನ್ಸಿನ ವಿಷಯದಲ್ಲಿ ಮಾತ್ರ ಪಂಥಭೇದವಿಲ್ಲ. ಅದನ್ನು ಎಲ್ಲರೂ ತಟ್ಟೆಯ ತಳಕ್ಕೆ ಸರಿಸಿ, ಕಾಯಿಚಟ್ನಿಯಿಂದ ಮರೆಮಾಡುತ್ತಾರೆ.

5. ಪೂರ್ವಪಕ್ಷ

ಪೂರ್ವಪಕ್ಷ, ಅಂದರೆ ಎದುರಾಳಿಯ ವಾದವನ್ನು ಮೊದಲು ಪೂರ್ತಿಯಾಗಿ ಕೇಳಿಕೊಳ್ಳುವುದು, ಸಭ್ಯರ ಕ್ರಮ. ಒವನ್ ವಾದಿಗಳು ಹೀಗೆನ್ನುತ್ತಾರೆ: ಬನ್ ಎಂಬುದು ಬಿಸಿಗಾಳಿಯಲ್ಲಿ ಸುಡಬೇಕಾದ ವಸ್ತು, ಎಣ್ಣೆ ದೇಹಕ್ಕೆ ಹಿತವಲ್ಲ, ಈಗ ಮನೆಮನೆಗೂ ಒವನ್ ಬಂದಿರುವಾಗ ಬಾಣಲೆಯ ಹಟವೇಕೆ? ಆದರೆ ಅದೇ ಹಿಟ್ಟನ್ನು 180 ಡಿಗ್ರಿಯ ಒವನ್ನಿಗಿಟ್ಟರೆ, ಬಿಸಿಗಾಳಿ ಎಣ್ಣೆಯಷ್ಟು ಬೇಗ ಶಾಖ ಮುಟ್ಟಿಸಲಾರದಾದ್ದರಿಂದ, ಪದರ ಬಿಗಿಯುವ ಮೊದಲೇ ಆವಿ ಜಾರಿಹೋಗಿ, ಸಕಾರ ಕಳೆದುಕೊಂಡ ಬರಿಯ ಬನ್ ಉಳಿಯುತ್ತದೆ.

ಕರಾವಳಿಗೆ ಸುಡುವ ವಿದ್ಯೆಯೇ ತಿಳಿಯದೆಂಬ ಆಕ್ಷೇಪವೂ ನಿಲ್ಲದು. ಸೌತೆಕಾಯಿ, ಅಕ್ಕಿರವೆ, ಬೆಲ್ಲ ಕೂಡಿಸಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಕೊಂಕಣಿಗರು ಮಾಡುತ್ತಿದ್ದ ತವಸಳಿಯು ಕರೆಂಟಿಲ್ಲದ ಒವನ್ನೇ ಆಗಿತ್ತು. ಅಲ್ಲದೆ ಬೆಂಗಳೂರಿನ ಬೀದಿಮೂಲೆಗಳಲ್ಲಿ ಬೇಕರಿ, ಕಾಂಡಿಮೆಂಟ್ಸ್ ನಡೆಸುವವರಲ್ಲಿ ಕುಂದಾಪುರ, ಬೈಂದೂರು ಕಡೆಯವರು ಬಹಳ. ದಿನವಿಡೀ ಒವನ್ನಿನ ಮುಂದೆ ನಿಲ್ಲುವ ಇವರು ರಜೆಗೆ ಊರಿಗೆ ಬಂದಾಗ ಮೊದಲು ಕೇಳುವುದು ಬಾಣಲೆಯ ಬನ್ಸನ್ನು. ವಿದ್ಯೆ ತಿಳಿದೂ ಮನೆಯಲ್ಲಿ ಬಳಸದಿರುವುದಕ್ಕೆ ಅಜ್ಞಾನವೆನ್ನುವುದಿಲ್ಲ, ವೈರಾಗ್ಯವೆನ್ನುತ್ತಾರೆ.

6. ಸಿದ್ಧಾಂತ

ಹಾಗಾದರೆ ಕ್ಷೇತ್ರದ ಮನೆಗಳಲ್ಲಿ ಕೊಂಡು ತಂದ ಒವನ್ ವ್ಯರ್ಥವೇ ಎಂಬ ಶಂಕೆ ಉಳಿಯುತ್ತದೆ. ಹಿಂದೆ ಬಾಳೆಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿಯೋ ಹೊಗೆ ಹಾಕಿಯೋ ಹಣ್ಣು ಮಾಡುತ್ತಿದ್ದರು. ಹಣ್ಣಾಗುವ ಕಾಯಿ ತಾನೇ ಬಿಡುವ ಎಥಿಲೀನ್ ಎಂಬ ಅನಿಲವು ಮುಚ್ಚಿದ ಜಾಗದಲ್ಲಿ ಚದುರದೆ ನಿಂತು, ಅಕ್ಕಪಕ್ಕದ ಕಾಯಿಗಳನ್ನೂ ಹಣ್ಣಾಗಿಸುವುದು ಮುಚ್ಚಿಡುವುದರ ಮರ್ಮ. ಈಗ ಹುಲ್ಲೂ ಇಲ್ಲ, ಹೊಗೆಯೂ ಇಲ್ಲ. ಆದರೆ ಅಡುಗೆಮನೆಯಲ್ಲಿ ಇಲಿ ನುಗ್ಗದ, ಬಾಗಿಲು ಭದ್ರವಾದ, ಬೇರೆ ಯಾವ ಕೆಲಸಕ್ಕೂ ಬಾರದ ಪೆಟ್ಟಿಗೆಯೊಂದಿದೆ. ಬಾಳೆಕಾಯಿ ಅದರೊಳಗೆ ಸೇರುತ್ತದೆ, ಹಣ್ಣಾಗುತ್ತದೆ, ಕಣ್ಣಿಗೆ ಬೀಳದೆ ಮರೆತುಹೋಗುತ್ತದೆ, ಮರೆತದ್ದು ಕಪ್ಪಾಗುತ್ತದೆ, ಕಪ್ಪಾದದ್ದು ಬನ್ಸಾಗುತ್ತದೆ. ಆದ್ದರಿಂದ ಬನ್ಸಿಗೆ ಒವನ್ ಬೇಕೆಂಬ ಪೂರ್ವಪಕ್ಷವನ್ನು ಒಂದೇ ಒಂದು ತಿದ್ದುಪಡಿಯೊಡನೆ ಸಿದ್ಧಾಂತವಾಗಿ ಅಂಗೀಕರಿಸಬಹುದು: ಸ್ವಿಚ್ ಹಾಕಬಾರದು.