ಕಕ್ಷಿದಾರ ವಿಸರ್ಜನ ಮೀಮಾಂಸೆ

‘ಕಕ್ಷಿದಾರ’ ಪದ ‘ಕಕ್ಷೆ’ಯಿಂದ ಬಂದದ್ದು, ವಕೀಲರನ್ನು ಸದಾ ಸುತ್ತುತ್ತಿರುವವನು ಎಂದು ಅರ್ಥ – ಇದು ಪ್ರಸ್ತುತ ಪ್ರಬಂಧಕಾರನ ಮತ. ನಿಘಂಟುಕಾರರು ಒಪ್ಪಲಿಕ್ಕಿಲ್ಲ. ಅವರಿಗೆ ಬೆಳಗಿನ ಜಾವ ಐದಕ್ಕೆ ಫೋನ್ ಬರುವುದಿಲ್ಲವಲ್ಲ.

ಕಕ್ಷಿದಾರರಲ್ಲಿ ಪಾಲಿನ ದಾವೆಯವನೇ ಉತ್ತಮ ತಳಿ. ಬದುವಿನ ಮೇಲಿನ ಒಂದು ಹುಣಸೆಮರಕ್ಕಾಗಿ ಅಣ್ಣನ ಮೇಲೆ ದಾವೆ ಹೂಡಿರುತ್ತಾನೆ. ಯೂಟ್ಯೂಬಿನಲ್ಲಿ ಕಾನೂನು ಅಧ್ಯಯನ ಮುಗಿಸಿರುತ್ತಾನೆ. ಎದುರು ವಕೀಲರೊಂದಿಗೆ ನಾವು ಕ್ಯಾಂಟೀನಿನಲ್ಲಿ ಅರ್ಧ ಟೀ ಕುಡಿದದ್ದು ಕಂಡರೆ, “ಅವ್ರ ಕಡೆಗೆ ಹೋಗ್ಬಿಟ್ರಾ ಸಾರ್?” ಅನ್ನುತ್ತಾನೆ. ಫೀಸಿನ ಮಾತೆತ್ತಿದರೆ ಅಡಿಕೆ ಇನ್ನೂ ಹಸಿರಾಗಿರುತ್ತದೆ.

ಇಲ್ಲಿ ಪೂರ್ವಪಕ್ಷ: “ಬೇರೆಯವರನ್ನ ನೋಡ್ಕೊಳ್ಳಯ್ಯಾ ಅಂದರಾಯಿತಲ್ಲ?” ಆಗುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, 3ನೇ ಆದೇಶ, 4ನೇ ನಿಯಮದ ಪ್ರಕಾರ ವಕಾಲತ್ತು ಮುಗಿಯಲು ದಾರಿ ಮೂರೇ: ನ್ಯಾಯಾಲಯದ ಅನುಮತಿ ಪಡೆದು ಬರವಣಿಗೆಯಲ್ಲಿ ಕೊನೆಗಾಣಿಸುವುದು, ಇಬ್ಬರಲ್ಲೊಬ್ಬರು ಸಾಯುವುದು, ಇಲ್ಲವೇ ದಾವೆ ಮುಗಿಯುವುದು. ಪಾಲಿನ ದಾವೆಯಲ್ಲಿ ಮೂರನೆಯದಕ್ಕಿಂತ ಎರಡನೆಯದೇ ಬೇಗ ಒದಗುವುದು ಲೋಕಾನುಭವ. ಜೀವದಾಸೆಯುಳ್ಳವರು ಮೊದಲನೆಯದನ್ನೇ ಹಿಡಿಯತಕ್ಕದ್ದು.

ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ, ಹಿಂದೆ ಸರಿಯಲು ತಕ್ಕ ಕಾರಣ ಬೇಕು, ಸಾಕಷ್ಟು ಮುಂಚೆ ನೋಟಿಸ್ ಬೇಕು, ಕೆಲಸ ಮಾಡದ ಭಾಗದ ಫೀಸನ್ನು ಹಿಂತಿರುಗಿಸಬೇಕು. (ಕೈಗೇ ಬಾರದ ಫೀಸನ್ನು ಹಿಂತಿರುಗಿಸುವ ವಿಧಾನ ಮುಂದಿನ ಸಂಶೋಧನೆಗೆ ಮೀಸಲು.) ಹಣ ಕೊಡುವವರೆಗೆ ಕೇಸಿನ ಕಟ್ಟು ಕೊಡೆನೆಂದು ಕೂರುವಂತೆಯೂ ಇಲ್ಲ, ಆ ಹಕ್ಕು ವಕೀಲನಿಗಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿಬಿಟ್ಟಿದೆ. ಗಣಪತಿಯನ್ನು ಬಿಟ್ಟರೆ ಮಣೆಯಾದರೂ ಮನೆಗೆ ಬರುತ್ತದೆ. ಇಲ್ಲಿ ಅದೂ ಇಲ್ಲ.

ಹೀಗಾಗಿ ಉಳಿದದ್ದು ಪತ್ರ. ಅದರಲ್ಲಿ ಕೋಪ ಕೂಡದು, ಕಾರಣವೂ ಒಂದೇ ಸಾಲಿರಬೇಕು; ಎರಡನೆಯ ಸಾಲು ಬರೆದರೆ ಅವನು ಅದಕ್ಕೆ ತಕರಾರು ಸಲ್ಲಿಸುತ್ತಾನೆ. ಮುಂದಿನ ವಾಯಿದೆಯ ತಾರೀಖನ್ನು ದಪ್ಪಕ್ಷರದಲ್ಲಿ ಕಾಣಿಸಿ, ಪಹಣಿ, ವಂಶವೃಕ್ಷ, ಅಸಲು ಕ್ರಯಪತ್ರಗಳನ್ನು ಪಟ್ಟಿ ಮಾಡಿ ಒಪ್ಪಿಸಿ, ರುಜು ಪಡೆಯತಕ್ಕದ್ದು. ವಾಯಿದೆಯ ಹಿಂದಿನ ರಾತ್ರಿ ಇದನ್ನು ಮಾಡುವವನು ವಕೀಲನೇ ಅಲ್ಲ.

ಪ್ರಯೋಗಾರ್ಥವಾಗಿ ಇಂಥದೊಂದು ಪತ್ರವನ್ನು ಪ್ರಬಂಧಕಾರನು ಮೂರು ರಾತ್ರಿ ತಿದ್ದಿ ಬರೆದು ಕಳಿಸಿದನು. ನಾಲ್ಕನೆಯ ದಿನ ಕಕ್ಷಿದಾರನು ಪತ್ರ ಹಿಡಿದೇ ಆಫೀಸಿಗೆ ಬಂದು, ಗುಮಾಸ್ತರ ಕುರ್ಚಿಯಲ್ಲಿ ಕೂತು, ಕಣ್ಣರಳಿಸಿ ಹೇಳಿದನು:

“ಏನ್ ಬರ್ದಿದೀರಾ ಸಾರ್! ಇದೇ ಥರ ಖಡಕ್ಕಾಗಿ ನಮ್ಮಣ್ಣಂಗೂ ಒಂದ್ ನೋಟಿಸ್ ಬಿಡಿ.”