ಹುಡುಕಿದವರಿಗೆ ಬಹುಮಾನ

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯ 2003ರಿಂದ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಒಂದು ಬಹುಮಾನ ಕೊಡುತ್ತಿದೆಯಂತೆ. ಒಳ್ಳೆಯ ಪ್ರಬಂಧ ಬರೆದರಷ್ಟೇ ಸಾಲದು. ಅದಕ್ಕೆ ಬೇಕಾದ್ದನ್ನು ಗ್ರಂಥಾಲಯದಲ್ಲಿ ಹೇಗೆಲ್ಲ ಹುಡುಕಿದೆ ಎಂದು ಇನ್ನೊಂದು ಬರಹವನ್ನೂ ಜೊತೆಗಿಡಬೇಕು. ಮಗಳು ಇದನ್ನು ಹೇಳುತ್ತಿದ್ದಾಗ ನನಗೆ ಕಡಂಬಿಟ್ಟು ಗಂಟಲಲ್ಲೇ ನಿಂತಿತು. ಹುಡುಕುವುದಕ್ಕೂ ಬಹುಮಾನವೇ! ಹಾಗಾದರೆ ಮದುವೆಯಾದಂದಿನಿಂದ ನಾನು ಪುಕ್ಕಟೆ ದುಡಿಯುತ್ತಿದ್ದೇನೆ.

ಕನ್ನಡಕ, ಜೀಪಿನ ಕೀ, ತೋಟದ ಪಹಣಿ, ಕಾಫಿ ಮಾರಿದ ಚೀಟಿ, ಜಮ್ಮಾ ಜಾಗದ ಹಳೇ ಕಾಗದ. ಇವುಗಳಲ್ಲಿ ಯಾವುದಾದರೊಂದನ್ನು ಹುಡುಕದೆ ನನ್ನ ದಿನ ಮುಗಿಯುವುದಿಲ್ಲ. ಸಿಗುವುದು ಬೇರೆ ಮಾತು.

"ಅಪ್ಪಾ, ಹುಡುಕಿದ ಮೇಲೆ ಸಿಗಬೇಕು. ಆಗ ಬಹುಮಾನ" ಎಂದಳು ಮಗಳು.

ನಮ್ಮ ಮನೆಯ ಕಾಗದಪತ್ರಗಳ ಒಡೆತನ ನನ್ನದು, ಆಡಳಿತ ಹೆಂಡತಿಯದು. ಎಸ್. ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪದ್ಧತಿ ಕೊಟ್ಟರು; ಗ್ರಂಥಪಾಲಕರಾಗುವವರು ಇಂದಿಗೂ ಅದನ್ನು ಉರು ಹೊಡೆಯುತ್ತಾರೆ. ನನ್ನವಳ ಪದ್ಧತಿಯಲ್ಲಿ ಕಾಗದದ ವಿಷಯ ಲೆಕ್ಕಕ್ಕಿಲ್ಲ, ತೇವವೊಂದೇ ಲೆಕ್ಕ. ನೆನೆಯಲೇಬಾರದ್ದು ಅಕ್ಕಿ ಡಬ್ಬಿಯಲ್ಲಿ. ನೆನೆದದ್ದು ಒಲೆಯ ಮೇಲಿನ ಅಟ್ಟದಲ್ಲಿ. ನೆನೆದು ಹಾಳಾದರೂ ಚಿಂತೆಯಿಲ್ಲ ಅನ್ನಿಸಿದ್ದು ನನ್ನ ಮೇಜಿನ ಮೇಲೆ. ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಮಡಿಕೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗಸ್ಟ್‌ನಲ್ಲಿ ನನ್ನ ಪುಸ್ತಕದ ಬೀರು ತೆಗೆದು ನೋಡಿ: ಬಿಳಿ ಬೂಷ್ಟು, ಹಸಿರು ಬೂಷ್ಟು, ಎಲ್ಲವೂ ಬೆಳೆಯುತ್ತಿರುತ್ತವೆ, ಓದುಗನೊಬ್ಬನನ್ನು ಬಿಟ್ಟು.

ಮಗಳದು ಆನರ್ಸ್‌ನ ನಾಲ್ಕನೇ ವರ್ಷ. ಕರ್ನಾಟಕಕ್ಕೆ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತಲ್ಲ, ಆ ನಡುವೆ ಸಿಕ್ಕಿಕೊಂಡ ಬ್ಯಾಚು. ಪ್ರಬಂಧದ ವಿಷಯ ನಮ್ಮ ಮದ್ದುಸೊಪ್ಪು. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಈ ಗಿಡದಲ್ಲಿ ಹದಿನೆಂಟು ಬಗೆಯ ಮದ್ದಿನ ಗುಣ ಸೇರುತ್ತದೆಂದು ನಂಬಿಕೆ. ಬೇಯಿಸಿದರೆ ಕಡುನೇರಳೆ ರಸ, ಅದರಲ್ಲಿ ಪಾಯಸ. ಉಂಡವರ ಮೂತ್ರ ಕೆಂಪಾಗುತ್ತದೆ. ಇದನ್ನು ಮೊದಲೇ ಹೇಳದೆ ಬೆಂಗಳೂರಿನ ನೆಂಟರಿಗೆ ಬಡಿಸುವುದು ನಮ್ಮಲ್ಲಿ ಹಳೆಯ ಮನರಂಜನೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ನಮ್ಮ ಗಿಡಕ್ಕೆ ವಯನಾಡಿನ ಹೆಸರು ಹೇಗೆ ಬಂತು, ಅದನ್ನೇ ಒಂದು ಅಧ್ಯಾಯ ಮಾಡು ಎಂದೆ. "ಅದು ಜಗಳ, ಅಧ್ಯಾಯ ಅಲ್ಲ" ಎಂದಳು.

ಆದರೂ ಮಾಹಿತಿದಾರ ಅಂತ ನನ್ನನ್ನೂ ಕೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಸೊಪ್ಪನ್ನು ಸೂರ್ಯ ಹುಟ್ಟುವ ಮೊದಲು ಕೊಯ್ಯಬೇಕು ಎಂದೆ. ಇನ್ನೊಂದು ದಿನ, ಸೂರ್ಯ ಮುಳುಗಿದ ಮೇಲೆ ಎಂದೆ. ಕಕ್ಕಡದ ಮಳೆಯಲ್ಲಿ ಸೂರ್ಯನನ್ನು ಕಂಡವರು ಯಾರು? ಎರಡೂ ಸರಿಯೇ ಎಂದು ವಾದಿಸಿದೆ. ಮಾತು ಅಜ್ಜನ ಹಂದಿ ಬೇಟೆಯ ಕಡೆ ಹೊರಳಿದಾಗ ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ಮಾಡಿದ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ನನ್ನ ಕತೆ ಹೋದ ವರ್ಷದ್ದಕ್ಕೆ ಶೇ. 100 ಹೋಲುತ್ತದೆಂದು ಸಾಫ್ಟ್‌ವೇರ್ ಇಲ್ಲದೆಯೇ ತೀರ್ಪು ಕೊಟ್ಟು ಒಳಗೆ ಹೋದಳು.

ನಾನು ದೊಡ್ಡವರ ಆಸರೆ ಹಿಡಿದೆ. ಕೊಡವರ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿ 1952ರಲ್ಲಿ ಪುಸ್ತಕ ತಂದ ಎಂ. ಎನ್. ಶ್ರೀನಿವಾಸ್, ಆಮೇಲೆ ಮೈಸೂರು ಸೀಮೆಯ ರಾಂಪುರದ ಬಗ್ಗೆ ಟಿಪ್ಪಣಿ ಮಾಡಿ ಸ್ಟ್ಯಾನ್‌ಫರ್ಡ್‌ಗೆ ಒಯ್ದಿದ್ದರು. 1970ರಲ್ಲಿ ಅಲ್ಲಿ ಬೆಂಕಿ ಬಿತ್ತು. ಮೂರು ಪ್ರತಿಯೂ ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಊರನ್ನು ಬರೆದರು, 1976ರಲ್ಲಿ ಅಚ್ಚಾಗಿ ಹೆಸರಾಯಿತು. "ಕಂಡೆಯಾ? ಗ್ರಂಥಾಲಯ ಬೇಕೇ ಬೇಕು ಅಂತಿಲ್ಲ."

"ಅಪ್ಪಾ, ಅವರಿಗೆ ನೆನಪಿತ್ತು."

ಅವಳಿಗೆ 'ಪಟ್ಟೋಲೆ ಪಳಮೆ' ಬೇಕಿತ್ತು. ಪೊಲೀಸ್ ಇಲಾಖೆಯಲ್ಲಿ ದುಡಿದ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನೆಲ್ಲ ಕಲೆಹಾಕಿ 1924ರಲ್ಲಿ ಅಚ್ಚು ಮಾಡಿಸಿದ ಪುಸ್ತಕ. ಅದರ ಮರುಮುದ್ರಣ ನಮ್ಮಲ್ಲೇ ಇದೆ, ಕೈಯಾರೆ ಇಟ್ಟಿದ್ದೇನೆ ಎಂದು ನಾನು ಮೀಸೆಯ ಮೇಲೆ ಕೈಯಿಟ್ಟು ಹೇಳಿದೆ. ಬೀರು ಬಗ್ಗಿಸಿದೆ, ಟ್ರಂಕು ಮಗುಚಿದೆ, ಅಟ್ಟ ಹತ್ತಿ ಮಸಿ ಬಳಿದುಕೊಂಡು ಇಳಿದೆ; ಗೆದ್ದಲು ತಿಂದಿರಬೇಕೆಂದು ಶೋಧನೆಯ ಫಲಿತಾಂಶವನ್ನೂ ಪ್ರಕಟಿಸಿದೆ. ಹೆಂಡತಿ ರಾತ್ರಿಯ ಅಡುಗೆಗೆ ಅಕ್ಕಿ ಅಳೆಯಲು ಹೋದವಳು ಸೇರಿನ ಜೊತೆ ಪುಸ್ತಕವನ್ನೂ ತಂದು ಮಗಳ ಕೈಗಿಟ್ಟಳು. "ಕೇಳಿದ್ದರೆ ಬೆಳಗ್ಗೆಯೇ ಕೊಡುತ್ತಿದ್ದೆ" ಎಂದಳು. ಕೇಳುವುದೂ ಹುಡುಕುವ ಒಂದು ವಿಧಾನವೆಂದು ನಮ್ಮ ಕಡೆಯ ಗಂಡಸರಿಗೆ ಯಾರೂ ಕಲಿಸಿಲ್ಲ.

ಬಹುಮಾನ ಇಲ್ಲದಿದ್ದರೂ ಮಗಳು ಹುಡುಕಾಟದ ಬರಹವನ್ನು ಪ್ರಬಂಧದ ಕೊನೆಗೆ ಸೇರಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದಳು. ಕೃತಜ್ಞತೆಯ ಪುಟದಲ್ಲಿ ಗೈಡ್ ಮೇಡಂ, ಕಾಲೇಜಿನ ಗ್ರಂಥಪಾಲಕರು, ಆಮೇಲೆ 'ಮನೆಯ ಗ್ರಂಥಪಾಲಕಿ ಅವ್ವ'. ನಾನು ಕನ್ನಡಕ ಹುಡುಕಿ ತಂದು ಪುಟಪುಟವೂ ತಿರುವಿದೆ. ಇದ್ದೇನೆ. 'ಅಧ್ಯಯನದ ಮಿತಿಗಳು' ಎಂಬ ಭಾಗದಲ್ಲಿ, ಪರಸ್ಪರ ವಿರುದ್ಧ ಹೇಳಿಕೆ ಕೊಟ್ಟ ಒಬ್ಬ ಮಾಹಿತಿದಾರನಾಗಿ. ಪಕ್ಕದ ತೋಟದವರಿಗೆ ಪುಟದ ಸಂಖ್ಯೆಯನ್ನಷ್ಟೇ ಹೇಳಿದ್ದೇನೆ.